ದನದ ಮನೆಯ ಸೀರೆ

ಮೆಣಸಿನಕಾಯಿ ಚೀಲ ಕೊಳ್ಳುವವರು ಮೇಲಿನ ಕಾಯಿ ನೋಡಿ ಮೋಸ ಹೋಗಬಾರದು. ಮೇಲಿನದು ತೋರಿಸಲಿಕ್ಕೆಂದೇ ಇಟ್ಟದ್ದು. ಮೊಣಕೈವರೆಗೆ ಕೈ ಇಳಿಸಿ, ಚೀಲದ ನಡುವಿನಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ. ಚೆನ್ನಾಗಿ ಒಣಗಿದ ಕಾಯಿಯಾದರೆ ಒಳಗೆ ಬೀಜ ಮಾತಾಡುತ್ತದೆ. ತೂಕಕ್ಕೆಂದು ನೀರು ಚಿಮುಕಿಸಿದ ಕಾಯಿ ಬಾಯಿ ಬಿಡುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊತ್ತು, ಆಮೇಲೆ ಇನ್ನೊಬ್ಬರ ದಲಾಲಿ ಅಂಗಡಿಯಲ್ಲಿ ತಕ್ಕಡಿ ಮುಂದೆ ನಿಂತು, ಕೊನೆಗೆ ನನ್ನದೇ ಅಂಗಡಿ ತೆರೆದವನು ನಾನು. ಈ ವಿದ್ಯೆಯನ್ನು ನನಗೆ ಯಾರೂ ಪುಕ್ಕಟೆ ಕಲಿಸಲಿಲ್ಲ. ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ, ಯಾಕೆಂದರೆ ಈ ವಯಸ್ಸಿನಲ್ಲಿ ಬುದ್ಧಿ ಹೇಳುವುದೊಂದೇ ಲುಕ್ಸಾನಿಲ್ಲದ ವ್ಯಾಪಾರ.

ಹುಡುಗರು ಬರುತ್ತಾರೆ. "ಅಜ್ಜಾರ, ಮ್ಯಾಲ ಬಂದದ್ದು ಹೆಂಗ ಹೇಳ್ರಲ್ಲ" ಅನ್ನುತ್ತಾರೆ. ಹೇಳುತ್ತೇನೆ. ಕೊಳ್ಳುವಾಗ ಹಸಿದವನ ಹಾಗೆ ಕಾಣಬೇಡಿ, ಮಾರುವಾಗ ಉಂಡವನ ಹಾಗೆ ಕಾಣಿ. ಮೊದಲ ಬೆಲೆ ಎದುರಿನವನ ಬಾಯಿಂದ ಬರಲಿ. ಸುಮ್ಮನಿರುವುದು ಕಲಿಯಿರಿ, ಸುಮ್ಮನಿದ್ದವನ ಮುಂದೆ ಎದುರಿನವನು ತಾನೇ ತನ್ನ ಬೆಲೆ ಇಳಿಸುತ್ತಾನೆ. ಅವರು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಾರೆ. ಎಮ್ಮೆಯ ಸಂಗತಿ ಮಾತ್ರ ಅವರಿಗೆ ಹೇಳಿಲ್ಲ. ಅದರಲ್ಲಿ ಲಾಭ ತೆಗೆಯುವ ಉಪಾಯ ಏನೂ ಇಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಾನು ಬ್ಯಾಡಗಿಯಲ್ಲಿ ಮನೆ ಕಟ್ಟಿಸಿದೆ. ಮೊಸಾಯಿಕ್ ನೆಲ. ನಮ್ಮ ಓಣಿಯಲ್ಲಿ ಅದೇ ಮೊದಲನೆಯದು. ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿದ್ದೆ. ಮನೆ ಹೊಕ್ಕ ಮರುದಿನ ಬಂದವರೆಲ್ಲ ಹೋದ ಮೇಲೆ, ನನ್ನ ಹೆಂಡತಿ ನೆಲ ಒರೆಸುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಿಂತು ಕೇಳಿದೆ.

"ಈಗರ ಒಪ್ಪತಿ ಇಲ್ಲ? ನಾವು ಸಾವ್ಕಾರ ಆದ್ವಿ."

"ಯಾರ ಅಂದ್ರು?"

"ಯಾರ ಯಾಕ ಅನಬೇಕ? ನೆಲಾ ನೋಡು, ಮಾರಿ ಕಾಣತೈತಿ."

"ನಮ್ಮ ಮಾರಿ ನಮಗ ಕಾಣತೈತಿ, ಅಷ್ಟ" ಅಂದಳು ಬಟ್ಟೆ ಹಿಂಡುತ್ತ. "ಬಾಗಲದಾಗ ಯಾರ ಮಾರೀನೂ ಕಾಣವಲ್ದು."

ಅವಳ ತವರು ಕಾಗಿನೆಲೆ ಕಡೆಯ ಒಂದು ಹಳ್ಳಿ. ಬಡವರು. ಚಿಕ್ಕವಳಿದ್ದಾಗ ಪ್ರತಿ ಬೆಳಿಗ್ಗೆ ಊರ ದೊಡ್ಡ ಮನೆಯ ಹಿತ್ತಲ ಬಾಗಿಲಿಗೆ ಗಿಂಡಿ ಹಿಡಿದು ಮಜ್ಜಿಗೆಗೆ ಹೋಗುತ್ತಿದ್ದಳು. ನಮ್ಮ ಕಡೆ ಹಾಲು ಮಾರುತ್ತಾರೆ, ಬೆಣ್ಣೆ ಮಾರುತ್ತಾರೆ, ತುಪ್ಪ ಮಾರುತ್ತಾರೆ. ಮಜ್ಜಿಗೆ ಮಾರುವುದಿಲ್ಲ. ಕಡೆದ ಮನೆಯವರು ಬೆಣ್ಣೆ ತೆಗೆದು, ಉಳಿದದ್ದನ್ನು ಬಂದವರ ಪಾತ್ರೆಗೆ ಸುರಿಯಬೇಕು. ಆದರೆ ಬಂದವರು ನಿಲ್ಲಬೇಕು. ಕೆಲವು ದಿನ ಒಳಗೆ ಕಡಗೋಲಿನ ಸದ್ದು ಕೇಳುತ್ತಿದ್ದರೂ ಬಾಗಿಲು ಅರ್ಧ ತೆರೆದು "ಇವತ್ತ ಕಡದಿಲ್ಲ" ಅನ್ನುತ್ತಿದ್ದರಂತೆ. ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ಶ್ರೀಮಂತರೆಂದರೆ ಆ ಬಾಗಿಲಿನ ಒಳಗಿನವರು ಎಂಬುದು ಮಾತ್ರ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಮೊಸಾಯಿಕ್ ನೆಲ ಅಲುಗಿಸಲಿಲ್ಲ.

"ಎಮ್ಮಿ ಕಟ್ರಿ. ಆಮ್ಯಾಲ ಹೇಳತೀನಿ, ಸಾವ್ಕಾರ ಹೌದೋ ಅಲ್ಲೋ" ಅಂದಳು.

ಹಾವೇರಿಯ ದನದ ಸಂತೆಯಲ್ಲಿ ಎಮ್ಮೆ ಕೊಂಡೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿಯುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ, ಬೆರಳು ಒತ್ತಿ ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮುಖ ಕಲ್ಲಿನ ಹಾಗಿರಬೇಕು, ಮಾತೆಲ್ಲ ಬೆರಳಲ್ಲಿ ನಡೆಯಬೇಕು. ನನ್ನ ಬೆರಳು ಇದರಲ್ಲಿ ಪಳಗಿದ್ದವು. ಇನ್ನೊಂದು ಮಾತು, ಬರೆದಿಟ್ಟುಕೊಳ್ಳಿ: ಟವೆಲ್ ಕೆಳಗೆ ಬೆಲೆ ಎಷ್ಟೇ ಕುದುರಲಿ, ಕಣ್ಣ ಮುಂದೆ ಹಿಂಡಿ ತೋರಿಸದ ಹೊರತು ಎಮ್ಮೆಯ ಹಗ್ಗ ಮುಟ್ಟಬೇಡಿ. ನಾನು ಹಿಂಡಿಸಿ ನೋಡಿಯೇ ತಂದೆ.

ಮನೆಯ ಹಿಂದೆ ದನದ ಮನೆ ಕಟ್ಟಿಸಿದೆ. ಕೆಲವೇ ದಿನಗಳಲ್ಲಿ ಬಾಗಿಲಲ್ಲಿ ಗಿಂಡಿ, ತಂಬಿಗೆ, ಅಲ್ಯೂಮಿನಿಯಂ ಡಬ್ಬಿ ಕಾಣಿಸಿಕೊಂಡವು. ಮೆಣಸಿನಕಾಯಿ ಗೋದಾಮುಗಳಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುವ ಹೆಂಗಸರೇ ಹೆಚ್ಚು. ದಿನವಿಡೀ ತೊಟ್ಟು ಮುರಿದ ಕೈ ಬೆಂಕಿಯಾಗುತ್ತದೆ. ಮಜ್ಜಿಗೆ ಅರ್ಧ ಹೊಟ್ಟೆಗೆ, ಅರ್ಧ ಕೈಗೆ. ಅವರಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ನಮ್ಮ ಓಣಿಯ ಒಬ್ಬ ಮುಸ್ಲಿಂ ಮುದುಕಿ. ನಾವೆಲ್ಲ ಖಾಲಾ ಅನ್ನುತ್ತಿದ್ದೆವು. ಅವಳು ಮಜ್ಜಿಗೆಯನ್ನು ಬಾಗಿಲಲ್ಲೇ ರುಚಿ ನೋಡಿ ತೀರ್ಪು ಕೊಡುತ್ತಿದ್ದಳು.

ನಾನು ಲೆಕ್ಕ ಹಾಕಿ ಹೇಳಿದೆ. ಹಿಂಡಿಯ ದರ ಏರಿದೆ, ಕಣಕಿ ಮೇವು ಸಿಗುವುದಿಲ್ಲ, ಹಾಲನ್ನು ಹಾಗೆಯೇ ಡೈರಿಗೆ ಹಾಕಿದರೆ ಕಡೆಯುವ ಕೆಲಸವೂ ಉಳಿಯುತ್ತದೆ. ಹೆಂಡತಿ ಕೇಳಿಸಿಕೊಂಡು, "ಅಂಗಡಿ ಲೆಕ್ಕ ಅಂಗಡ್ಯಾಗ ಇರ್ಲಿ" ಅಂದಳು. "ಇಕಾ, ಚೀಲದಾಗ ಕೈ ಹಾಕಿ ಬಂದೀರಿ. ದನದ ಮನಿಗೆ ಬರಬ್ಯಾಡ್ರಿ. ಘಾಟಿಗೆ ಎಮ್ಮಿ ಸೊರ ಬಿಡೂದಿಲ್ಲ."

ಖರೇ ಮಾತು. ಸೊರ ಬಿಡುವುದೆಂದರೆ ಎಮ್ಮೆ ಮನಸ್ಸು ಮಾಡಿ ಕೆಚ್ಚಲಿಗೆ ಹಾಲು ಇಳಿಸುವುದು. ಅದು ಇಳಿಸದಿದ್ದರೆ ನೀವು ಎಷ್ಟು ಎಳೆದರೂ ಹನಿ ಬರುವುದಿಲ್ಲ. ನನ್ನ ಮೈಯೆಲ್ಲ ಮೆಣಸಿನಕಾಯಿ. ಎಮ್ಮೆಗೆ ನಾನು ಹತ್ತಿರ ಬಂದರೆ ಮೂಗರಳುತ್ತಿತ್ತು. ಅಷ್ಟೇಕೆ, ಸುಗ್ಗಿಯಲ್ಲಿ ನಮ್ಮೂರ ಗಾಳಿಯೇ ಘಾಟು, ಒಣಹಾಕಿದ ಬಟ್ಟೆಯೂ ಸೀನು ಬರಿಸುತ್ತದೆ. ಹಾಗಾಗಿ ಅವಳು ಹಿಂಡಲಿಕ್ಕೆಂದೇ ಒಂದು ಸೀರೆ ಬೇರೆ ಇಟ್ಟಿದ್ದಳು. ಹಸಿರು ಇಳಕಲ್ ಸೀರೆ, ಅಂಚು ಹರಿದು ಪಿಸಿದದ್ದು. ಅದು ದನದ ಮನೆಯ ಗೂಟದಿಂದ ಆಚೆ ಬರುತ್ತಿರಲಿಲ್ಲ. ಒಳಗೆ ಹೋಗುವಾಗ ಉಟ್ಟ ಸೀರೆಯ ಮೇಲೆಯೇ ಅದನ್ನು ತಲೆಯಿಂದ ಸುತ್ತಿಕೊಂಡು ಕೂರುತ್ತಿದ್ದಳು.

ವರ್ಷಗಳು ಹೋದವು. ಮಗಳು ಮದುವೆಯಾಗಿ ಹಾವೇರಿಗೆ ಹೋದಳು. ಅಂಗಡಿ ದೊಡ್ಡದಾಯಿತು, ಇನ್ನೊಂದು ಗೋದಾಮು ಬಂತು. ಮೊದಲ ಎಮ್ಮೆ ಮುದಿಯಾಗಿ ಹೋಯಿತು. ಅದರ ಮಗಳು, ಹುಟ್ಟಿದ ದಿನದಿಂದ ನನ್ನ ಹೆಂಡತಿಯ ಕೈಯಲ್ಲೇ ಬೆಳೆದ ಕರು, ಎಮ್ಮೆಯಾಗಿ ಈಯಿತು. ಅವಳ ಪ್ರಕಾರ ನಾವು ಸಾವ್ಕಾರರಾದೆವೋ ಇಲ್ಲವೋ ಎಂದು ನಾನು ಮತ್ತೆ ಕೇಳಲಿಲ್ಲ. ಕೇಳುವ ಪುರಸೊತ್ತು ಇರಲಿಲ್ಲ, ಅವಳಿಗೂ ಹೇಳುವ ಪುರಸೊತ್ತು ಇರಲಿಲ್ಲ.

ತೊಂಬತ್ತರ ದಶಕದಲ್ಲಿ, ಹೊಸ ಕಾಯಿ ಮಾರುಕಟ್ಟೆಗೆ ಬರಲು ಶುರುವಾದ ಹೊತ್ತು. ಆ ದಿನ ಬೆಳಿಗ್ಗೆ ಅವಳು ಹಿಂಡಿ, ಕಡೆದು, ಮಜ್ಜಿಗೆ ಹಂಚಿದಳು. ಮಧ್ಯಾಹ್ನ ಎದೆ ಹಿಡಿಯಿತು ಅಂದಳು. ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದೆ. ಹೊತ್ತು ಮುಳುಗುವ ಮೊದಲು ಮುಗಿಯಿತು.

ನನಗೆ ಏನನ್ನಿಸಿತು ಎಂದು ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ. ಗೋಡೆಗೆ ಬಿಸಿಲು ಬಿದ್ದಿತ್ತು. ಯಾರೋ ಒಂದು ಕಾಗದಕ್ಕೆ ಸಹಿ ಕೇಳಿದರು, ಮಾಡಿದೆ. ಹೊರಗೆ ಬಂದು ಟೆಂಪೋ ಮಾತಾಡಿಸಿದೆ. ಡ್ರೈವರ್ ಬಾಡಿಗೆ ಹೇಳಿದ. ನನ್ನ ಬಾಯಿ ತಾನಾಗಿಯೇ ಅದಕ್ಕಿಂತ ಕಡಿಮೆ ಹೇಳಿತು. ಅವನು ನನ್ನ ಮುಖ ನೋಡಿದ.

"ಯಜಮಾನ್ರ, ಇದರಾಗೂ ಚೌಕಾಸಿ ಏನ್ರಿ?"

ನಾನು ಸುಮ್ಮನಿದ್ದೆ. ಅವನು ತಾನೇ ಇಳಿಸಿದ. ಸುಮ್ಮನಿದ್ದವನ ಮುಂದೆ ಹೀಗೇ ಆಗುತ್ತದೆ, ಮೊದಲೇ ಹೇಳಿದೆನಲ್ಲ.

ಮರುದಿನ ಮಣ್ಣು ಮುಗಿಯಿತು. ಮಗಳು ಅತ್ತು ಅತ್ತು ಸುಸ್ತಾಗಿ ಮಲಗಿದ್ದಳು, ಬಸುರಿ ಬೇರೆ. ಗೋದಾಮಿನ ಹೆಂಗಸರು ಬಂದು ಅಂಗಳದಲ್ಲಿ ಕೂತರು. ನನ್ನ ಕಣ್ಣು ಒಣಗಿದ್ದನ್ನು ನೋಡಿ ಖಾಲಾ ಹತ್ತಿರ ಬಂದು ಮೆಲ್ಲಗೆ ಅಂದಳು.

"ಅತ್ತುಬಿಡ್ರಿ ಸಾವ್ಕಾರ್ರ. ಯಾರರ ಕೇಳಿದ್ರ ಕಾಯಿ ಘಾಟು ಅನ್ನೂಣಂತ."

ಒಳ್ಳೆಯ ಸಲಹೆ. ಉಪಯೋಗಿಸಲು ಆಗಲಿಲ್ಲ.

ಮೇಡ್ಲೇರಿಯಿಂದ ನನ್ನ ಅಕ್ಕ ಬಂದಿದ್ದಳು. ಅವಳದು ಕೈ ಸುಮ್ಮನಿಡದ ಸ್ವಭಾವ. ಮಣ್ಣು ಮಾಡಿ ಬಂದವಳೇ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ನೀರಿಗೆ ಹಾಕಿದಳು. ಹಾಸಿಗೆ, ಹೊದಿಕೆ, ಕೌದಿ, ಸತ್ತವಳ ಸೀರೆಗಳೆಲ್ಲ ಒಗೆದು ಹಗ್ಗದ ಮೇಲೆ ಸಾಲಾಗಿ ಹರವಿದಳು. ಸಾವಿನ ಮನೆಯಲ್ಲಿ ಹೆಂಗಸರು ಹೀಗೇ ಮಾಡುತ್ತಾರೆ. ಯಾರೂ ಅವಳನ್ನು ತಡೆಯಲಿಲ್ಲ, ತಡೆಯಬೇಕು ಎಂದು ಯಾರಿಗೂ ತೋಚಲೂ ಇಲ್ಲ.

ಆಗ ಎಮ್ಮೆ ಕೂಗಿತು. ಹಿಂದಿನ ದಿನ ಬೆಳಿಗ್ಗೆಯಿಂದ ಅದನ್ನು ಯಾರೂ ಹಿಂಡಿರಲಿಲ್ಲ. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಬಾಯಿ ಹಚ್ಚಿ ಸೊರ ಬಿಡಿಸಲು ಕರುವೂ ಇರಲಿಲ್ಲ, ಆ ಮಳೆಗಾಲದಲ್ಲಿ ಸತ್ತಿತ್ತು. ಅಕ್ಕ ಪಾತ್ರೆ ಹಿಡಿದು ಕೂತಳು. ಎಮ್ಮೆ ಒಂದೇ ಒದೆತಕ್ಕೆ ಪಾತ್ರೆಯನ್ನು ಗೋಡೆಗೆ ಕಳಿಸಿತು.

"ಇದರ ಸೊಕ್ಕು ನೋಡ ಇದರ್ದು!" ಅಕ್ಕ ಮೊಣಕಾಲು ಉಜ್ಜುತ್ತ ಬೈದಳು. "ಮೇಡ್ಲೇರ್‍ಯಾಗ ಎಂಥೆಂಥಾ ಎಮ್ಮಿ ಹಿಂಡೇನಿ ನಾನು."

ಹಿಂಡುವವಳ ಸೀರೆ ಉಟ್ಟರೆ ಎಮ್ಮೆ ನಂಬುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಕ್ಕ ಹಗ್ಗದಿಂದ ಒಂದು ಸೀರೆ ಎಳೆದು ಸುತ್ತಿಕೊಂಡು ಬಂದಳು. ಎಮ್ಮೆ ಮೂಸಿತು. ಸಾಬೂನಿನ ವಾಸನೆ. ಮತ್ತೆ ಒದೆಯಿತು. ಟ್ರಂಕಿನಿಂದ ಒಂದು ತಂದಳು. ಅದರಲ್ಲಿ ನುಸಿಗುಳಿಗೆ ವಾಸನೆ. ಅಕ್ಕ ನನ್ನ ಕಡೆ ನೋಡಿದಳು. ಆಗ ಅವಳಿಗೂ ಅರ್ಥವಾಗಿತ್ತು, ತಾನು ಒಗೆದುಬಿಟ್ಟದ್ದು ಏನನ್ನೆಂದು.

ಗೂಟದಲ್ಲಿ ಹಸಿರು ಸೀರೆ ಹಾಗೇ ಇತ್ತು. ಸಗಣಿ ಹತ್ತಿದ ಹರಕು ಎಂದು ಅದನ್ನು ಯಾರೂ ಮುಟ್ಟಿರಲಿಲ್ಲ.

ಅಕ್ಕನಿಗೆ ಮತ್ತೆ ಕೂರಲು ಧೈರ್ಯವಿರಲಿಲ್ಲ. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಗಡಿಗೆಯ ತಳದಲ್ಲಿ ಸ್ವಲ್ಪ ಮಜ್ಜಿಗೆ ಉಳಿದಿತ್ತು, ಅವಳೇ ಹಿಂದಿನ ದಿನ ಕಡೆದದ್ದು. ಅದನ್ನು ಪೂರ್ತಿ ಕೈಗೆ ಸುರಿದುಕೊಂಡು, ಮೊಣಕೈವರೆಗೆ ತಿಕ್ಕಿ ಘಾಟು ತೊಳೆದೆ. ಬಂದು ಸೀರೆಯನ್ನು ತಲೆಯ ಮೇಲಿಂದ ಹೊದ್ದುಕೊಂಡೆ. ಸಗಣಿ, ಹಾಲು, ಹೊಗೆ, ಕೊಬ್ಬರಿ ಎಣ್ಣೆ. ಕೂತೆ.

ಎಮ್ಮೆ ತಿರುಗಿ ಹೆಗಲ ಹತ್ತಿರ ಮೂಸಿತು. ಬಹಳ ಹೊತ್ತು ಮೂಸಿತು. ನನ್ನ ಕಣ್ಣು ನೋಡಲಿಲ್ಲ, ಅದಕ್ಕೆ ನನ್ನ ಕಣ್ಣು ಬೇಕಿರಲಿಲ್ಲ. ಆಮೇಲೆ ಗೋದಲಿಗೆ ಬಾಯಿ ಹಾಕಿತು. ಬೆರಳ ನಡುವೆ ಮೊಲೆ ಬೆಚ್ಚಗಾಯಿತು. ಮೊದಲ ಧಾರೆ ಪಾತ್ರೆಯ ತಳಕ್ಕೆ ಬಿದ್ದು ಸದ್ದು ಮಾಡಿತು.

ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಯವ್ವಾ, ಥೇಟ ಅಕೀನ ಕುಂತಂಗ" ಅಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಪಾತ್ರೆ ತುಂಬುವುದನ್ನು ನೋಡುತ್ತಿದ್ದೆ.

ಅಂದಿನಿಂದ ಅದು ನನ್ನ ಕೆಲಸವಾಯಿತು. ಬೆಳಿಗ್ಗೆ ಎದ್ದು ಸೀರೆ ಹೊದ್ದು ಹಿಂಡುವುದು, ಆಮೇಲೆ ಅಂಗಡಿ. ಸಂಜೆ ಮತ್ತೆ ಅದೇ. ಕಡೆಯುವುದು ಅಕ್ಕ, ಹಂಚುವುದು ಅಕ್ಕ. ಊರಿಗೆ ಸುದ್ದಿ ಹರಡಲು ಎಷ್ಟು ಹೊತ್ತು? ಮಾರುಕಟ್ಟೆಯಲ್ಲಿ ನಾನು ಕಾಯಿ ರಾಶಿಯ ಮುಂದೆ ಕೂತಾಗ ಪಕ್ಕದ ದಲಾಲಿ ಕೂಗಿದ.

"ಏನ ಅಣ್ಣಾರ, ಇವತ್ತ ಬರೇ ಧೋತ್ರದಾಗ ಬಂದೀರಿ? ಕುಪ್ಪಸ ಒಗ್ಯಾಕ ಹಾಕೀರೇನು?"

ಎಲ್ಲರೂ ನಕ್ಕರು. ಎರಡನೆಯವನು, "ಸುಮ್ಮನಿರೊ, ಈಗ ಅವರ ಕಡೆ ಗಂಡಸ್ರ ರೇಟ ಬ್ಯಾರೆ, ಹೆಂಗಸ್ರ ರೇಟ ಬ್ಯಾರೆ" ಅಂದ. ನಾನು ರಾಶಿಯ ನಡುವೆ ಕೈ ಇಳಿಸಿ ಒಂದು ಹಿಡಿ ತೆಗೆದು ಅಲ್ಲಾಡಿಸಿದೆ. ಕಾಯಿ ಮುರಿದು ನಾಲಿಗೆಗೆ ಹಚ್ಚಿದೆ. ಖಾರ ಗೊತ್ತಾಗಲಿಲ್ಲ. ಬಣ್ಣ, ಸುಕ್ಕು, ಸದ್ದು ನೋಡಿ ಟೆಂಡರ್ ಚೀಟಿಯಲ್ಲಿ ಬೆಲೆ ಬರೆದೆ, ಲಾಟು ನನಗೇ ಆಯಿತು. ಆ ದಿನಗಳಲ್ಲಿ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಹೆದರಿಕೆಯೂ ಆಸೆಯೂ ಇಲ್ಲದವನು ಒಳ್ಳೆಯ ವ್ಯಾಪಾರಿ. ಇದನ್ನು ಸಲಹೆ ಎಂದು ತೆಗೆದುಕೊಳ್ಳಬೇಡಿ.

ಅಕ್ಕನಿಗೆ ಊರ ನೆನಪು ಶುರುವಾಯಿತು. ಮೇಡ್ಲೇರಿಯಲ್ಲಿ ಹೊಳೆ ನೀರಿನ ಗದ್ದೆ, ನಾಟಿ ಕಾಯುತ್ತಿತ್ತು.

"ನಾ ಹ್ವಾದ ಮ್ಯಾಲ ಯಾರ ಕಡೀತಾರ? ಅಂಗಡಿ ಬಿಟ್ಟು ನೀ ಕಡಗೋಲ ಹಿಡಿತೀ? ಮಾರಿಬಿಡೊ ತಮ್ಮಾ. ಹಾಲು ಕೊಡೂ ಎಮ್ಮಿ, ಈಗಾದ್ರ ನಾಕ ದುಡ್ಡು ಬರತೈತಿ. ಬತ್ತಿದ ಮ್ಯಾಲ ಯಾರ ಕೇಳತಾರ?"

ಅಕ್ಕ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನನಗೂ ಸರಿ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ, ಬೇಡ ಅನ್ನಿಸಲಿಲ್ಲ. ಗೊತ್ತಿದ್ದವರಿಗೆ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆಯೇ ಬಾಗಿಲಲ್ಲಿ ಖಾಲಾ, ಅವಳ ಹಿಂದೆ ಗಿಂಡಿ ಹಿಡಿದ ಉಳಿದವರು.

"ಎಮ್ಮಿ ಕೊಡತೀರಂತ?"

"ನೋಡಬೇಕ."

"ಹಂಗಾದ್ರ ನಮ್ಮ ಗಿಂಡಿ ಯಾವ ಬಾಗಲಕ್ಕ ಒಯ್ಯೂಣು? ಅದನ್ನರ ಹೇಳಿ ಮಾರ್‍ರಿ."

"ಅಂಗಡ್ಯಾಗ ಹಾಲಿನ ಪಾಕೀಟ ಬರತಾವಲ್ಲ ಖಾಲಾ."

"ಪಾಕೀಟ ಕಡದು ಕೈಗೆ ಹಚ್ಚಿಕೊಳ್ಳೂಣೇನು?" ಅಂದು ಅವಳು ಗಿಂಡಿಯನ್ನು ಅಕ್ಕನ ಮುಂದೆ ಚಾಚಿದಳು. "ಹಾಕ್ರೆವ್ವಾ, ಇರೂತನ ಹಾಕ್ರಿ."

ಕೊಳ್ಳುವವನು ರಾಣೆಬೆನ್ನೂರಿನಿಂದ ಕಾರಿನಲ್ಲಿ ಬಂದ. ಬೀಜದ ವ್ಯಾಪಾರಿ. ಹತ್ತಿಬೀಜ, ಜೋಳದ ಬೀಜ. ನನ್ನದರಂಥ ಹತ್ತು ಅಂಗಡಿ ಅವನ ಒಂದು ಗೋದಾಮಿನಲ್ಲಿ ಕೂರುತ್ತಿದ್ದವು. ನಗುಮುಖದ ಮನುಷ್ಯ, ಜಂಬ ಇಲ್ಲ. ಸೊಸೆ ಬಾಣಂತಿ, ಮನೆಗೆ ಗಟ್ಟಿ ಹಾಲು ಬೇಕಾಗಿತ್ತು. ಜೊತೆಗೆ ಎಮ್ಮೆ ನೋಡಿಕೊಳ್ಳುವ ಆಳೊಬ್ಬನನ್ನು ಕರೆತಂದಿದ್ದ. ಆದರೂ ತಾನೇ ಎಮ್ಮೆಯ ಹಲ್ಲು ನೋಡಿದ, ಕೆಚ್ಚಲಿನ ನರ ನೋಡಿದ, ಬೆನ್ನ ಮೇಲೆ ಕೈಯಾಡಿಸಿದ. ಬಲ್ಲವನು. ಬಲ್ಲವನ ಜೊತೆ ವ್ಯಾಪಾರ ಸುಲಭ.

ಟವೆಲ್ ಅವನೇ ತಂದಿದ್ದ. ದನದ ಮನೆಯ ಬಾಗಿಲಲ್ಲಿ ನಿಂತು ಕೈ ಮುಚ್ಚಿದೆವು. ಅವನು ಬೆರಳು ಒತ್ತಿದ. ನಾನು ಒತ್ತಿದೆ. ಅವನು ಬಾಯಲ್ಲಿ ಮಳೆಯ ಮಾತಾಡಿದ, ನಾನು ಹತ್ತಿಯ ಮಾತಾಡಿದೆ, ಕೆಳಗೆ ಬೆರಳುಗಳು ತಮ್ಮ ಕೆಲಸ ಮಾಡಿದವು. ಒಳ್ಳೆಯ ಬೆಲೆ ಬಂತು. ಹಾವೇರಿ ಸಂತೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ನನ್ನ ಮುಖ ಕಲ್ಲಿನ ಹಾಗೆ ಇತ್ತು, ಅದಕ್ಕಾಗಿ ನಾನೇನೂ ಮಾಡಬೇಕಾಗಿರಲಿಲ್ಲ.

"ಆತು. ಹಿಂಡಿ ತೋರಸ್ರಿ" ಅಂದ.

ಕೇಳುವುದು ಅವನ ಹಕ್ಕು. ನಾನು ಕೈ ತೊಳೆದು ಬಂದು, ಗೂಟದಿಂದ ಸೀರೆ ತೆಗೆದು ಅವರಿಬ್ಬರ ಮುಂದೆಯೇ ತಲೆಯ ಮೇಲೆ ಹೊದ್ದೆ. ಬೀಜದ ವ್ಯಾಪಾರಿ ಮೊದಲು ಬೆರಗಾಗಿ ನೋಡಿದ. ಆಮೇಲೆ ಹೊಟ್ಟೆ ಕುಲುಕಿ ನಕ್ಕ.

"ಅಲ್ರೀ ಸಾವ್ಕಾರ್ರ, ಹಣೀಗೆ ಕುಂಕುಮಾ ಒಂದು ಹಚ್ಕೊಂಡಿದ್ರ ನಮ್ಮ ಅತ್ತಿನ ಆಗತಿದ್ರಿ!"

ಆಳೂ ಮುಖ ತಿರುಗಿಸಿ ನಕ್ಕ. ನಾನು ಕೂತು ಹಿಂಡಿದೆ. ಹಾಲು ಏರಿ ನೊರೆ ಪಾತ್ರೆಯ ಅಂಚಿಗೆ ಬಂತು. ನಗು ನಿಂತಿತು. ನಾನು ಎದ್ದು ಸೀರೆ ತೆಗೆದಾಗ ಅವನ ಮುಖದಲ್ಲಿ ವ್ಯಾಪಾರ ಮರಳಿ ಬಂದಿತ್ತು. ತನ್ನ ಆಳಿಗೆ, "ನೀ ಕುಂದ್ರು" ಅಂದ. ಆಳು ಹತ್ತಿರ ಹೋಗುತ್ತಲೇ ಎಮ್ಮೆ ಕಾಲೆತ್ತಿತು. ಅವನು ಹಿಂದೆ ಸರಿದ.

"ಸೀರಿ ಹೊಚ್ಕೊಂಡು ನೋಡ ಒಮ್ಮೆ" ಅಂದ ವ್ಯಾಪಾರಿ.

ಆಳು ನನ್ನ ಕೈಯಿಂದ ಸೀರೆ ತೆಗೆದುಕೊಂಡು ಹೊದ್ದ. ಎಮ್ಮೆ ಮೂಸಿತು. ಕಾಲು ಇಳಿಸಿತು. ಅವನ ಕೈಗೂ ಹಾಲು ಬಂತು.

"ಹಂಗಾದ್ರ ಸೀರಿನೂ ಕೂಡಿ" ಅಂದ ಬೀಜದ ವ್ಯಾಪಾರಿ.

"ಸೀರಿ ಮಾತಿನ್ಯಾಗ ಇದ್ದಿಲ್ಲ."

"ಮಾತಿನ್ಯಾಗ ಇಲ್ಲಂದ್ರ? ಸೀರಿ ಇಲ್ಲದ ಎಮ್ಮಿ ಒಯ್ದು ಏನ ಮಾಡ್ಲಿ, ಆರತಿ ಮಾಡ್ಲೇನು? ಗಾಡಿ ಕೊಟ್ಟು ಕೀಲಿಕೈ ಕಿಸೇದಾಗ ಇಟ್ಕೊಂಡಂಗ ಆತು ನಿಮ್ದು."

ಅವನು ಹೇಳಿದ್ದು ಸರಿ. ಅವನ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ, ಅವನಿಗಿಂತ ಮೊದಲೇ ಕೇಳುತ್ತಿದ್ದೆ. ನೀವೂ ನೆನಪಿಡಿ, ಏನಾದರೂ ಕೊಳ್ಳುವಾಗ ಅದು ಯಾವುದರಿಂದ ನಡೆಯುತ್ತದೆಯೋ ಅದನ್ನೂ ಸೇರಿಸಿ ಮಾತಾಡಿ.

ಅಕ್ಕ ಬಾಗಿಲಿನಿಂದ ಅಂದಳು, "ಕೊಟ್ಟಬಿಡೊ. ಹರಕ ಸೀರಿ. ಅಕೀ ಚೊಲೋ ಸೀರಿ ಟ್ರಂಕ ತುಂಬ ಅದಾವ."

"ಹರಕಂತ ನಾ ಪುಕ್ಕಟೆ ಕೇಳಂಗಿಲ್ಲ್ರಿ" ಅಂದ ಅವನು. "ಇದಕ್ಕ ಬದಲಿ ಹೊಸಾ ಇಳಕಲ್ಲ ಸೀರಿ ಕೊಡತೀನಿ, ರೇಶಿಮಿ ಸೆರಗಿಂದು. ಬ್ಯಾಡಂದ್ರ ರೊಕ್ಕ ಹೇಳ್ರಿ. ಬರ್‍ರಿ, ಕೈ ಕೊಡ್ರಿ."

ಮತ್ತೆ ಟವೆಲ್ ಹಾಕಿದ. ನಾನು ಕೈ ಕೊಟ್ಟೆ.

ಟವೆಲಿನ ಕೆಳಗೆ ಅವನ ಕೈ ಬೆಚ್ಚಗಿತ್ತು, ಮೆತ್ತಗಿತ್ತು. ಅವನು ಒಂದು ಬೆಲೆ ಒತ್ತಿದ. ನಾನು ಏನೂ ಒತ್ತಲಿಲ್ಲ. ಸುಮ್ಮನಿದ್ದು ಏರಿಸುತ್ತಿದ್ದೇನೆ ಎಂದುಕೊಂಡು ಅವನು ಇನ್ನೂ ಮೇಲಿನದು ಒತ್ತಿದ. ಆ ಹರಕಿಗೆ ಆ ಬೆಲೆ ಕೇಳಿದರೆ ನಗು ಬರಬೇಕು. ನನಗೆ ನಗು ಬರಲಿಲ್ಲ, ಬೇರೆ ಏನೂ ಬರಲಿಲ್ಲ. ನನ್ನ ಬೆರಳುಗಳಿಗೆ ನಾನು ಹೇಳಿದೆ, ಒಂದು ಅಂಕಿ ಹೇಳಿ, ಏನಾದರೂ ಹೇಳಿ, ಇವನಿಗೆ ಆಗದಂಥ ಅಂಕಿಯನ್ನಾದರೂ ಹೇಳಿ. ಎಂಥ ವಸ್ತುವಿಗೂ ನನ್ನ ಬೆರಳು ಅಂಕಿ ಹೇಳುತ್ತಿದ್ದವು. ಹಾವೇರಿಯ ಸಂತೆಯಲ್ಲಿ, ಬ್ಯಾಡಗಿಯ ಕಟ್ಟೆಯ ಮೇಲೆ, ರಾಣೆಬೆನ್ನೂರಿನ ಆಸ್ಪತ್ರೆಯ ಗೇಟಿನಲ್ಲಿಯೂ ನನ್ನೊಳಗೆ ಅಂಕಿ ತಯಾರಿತ್ತು. ಈಗ ಕೈ ಅವನ ಕೈಯಲ್ಲಿ ಹಾಗೇ ಬಿದ್ದಿತ್ತು, ಒಗೆದು ಹಾಕಿದ ಬಟ್ಟೆಯ ಹಾಗೆ.

"ಯಾಕ್ರಿ, ಬೆರಳು ಜಡ್ಡು ಹಿಡದುವೇನು?" ಅಂದ ಅವನು ನಗುತ್ತ. ಆಮೇಲೆ ನಗಲಿಲ್ಲ. ನನ್ನ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮೆಲ್ಲಗೆ ಬಿಟ್ಟ. ಟವೆಲ್ ಮಡಿಚಿ ಹೆಗಲಿಗೆ ಹಾಕಿದ.

"ಕೊಡೂದಿಲ್ಲಂದ್ರ ಮೊದಲ ಹೇಳಬೇಕಾಗಿತ್ತ್ರಿ. ರಾಣೆಬೆನ್ನೂರಿಂದ ಎಣ್ಣಿ ಸುಟಗೊಂಡು ಬಂದೇನಿ."

"ಮೊದಲ ನನಗೂ ಗೊತ್ತಿದ್ದಿಲ್ಲ" ಅಂದೆ.

ಅವನು ಗೂಟದ ಕಡೆ ನೋಡಿದ, ಎಮ್ಮೆಯ ಕಡೆ ನೋಡಿದ. "ಹೋಗ್ಲಿ. ಮಜ್ಜಿಗಿನರ ಕೊಡ್ರಿ, ಬಿಸಲಾಗ ಬಂದೀನಿ" ಅಂದ. ಅಕ್ಕ ಸಿಟ್ಟಿನಲ್ಲೇ ತಂಬಿಗೆ ತಂದುಕೊಟ್ಟಳು. ಎತ್ತಿ ಕುಡಿದು, ಮೀಸೆ ಒರೆಸಿಕೊಂಡು ಕಾರು ಹತ್ತಿದ. ಅವನ ಮೇಲೆ ನನಗೆ ಇಂದಿಗೂ ಗೌರವ. ಅಂಕಿ ಇಲ್ಲದ ಕೈಯನ್ನು ಗುರುತಿಸುವ ವ್ಯಾಪಾರಿಗಳು ಕಡಿಮೆ.

"ಹುಚ್ಚ ಹಿಡದೈತಿ ನಿನಗ" ಅಂದಳು ಅಕ್ಕ. "ಎಮ್ಮಿನೂ ಹೋಗಲಿಲ್ಲ, ರೊಕ್ಕಾನೂ ಬರಲಿಲ್ಲ. ನಾಳೆ ನಾ ಹೊಂಟೆ. ಕಡೀತೀಯೋ ಬಿಡ್ತೀಯೋ ನಿನ್ನ ಪಾಡು."

ಹೇಳಿದಂತೆ ಮರುದಿನ ಮೊದಲ ಬಸ್ಸಿಗೆ ಹೋದಳು. ಹೋಗುವ ಮೊದಲು ಕಡಗೋಲಿನ ಹಗ್ಗ ಹೇಗೆ ಎಳೆಯಬೇಕೆಂದು ಬೈಯುತ್ತಲೇ ತೋರಿಸಿದಳು. ನಾನು ಕಡೆದೆ. ಬೆಣ್ಣೆ ಸರಿಯಾಗಿ ಬರಲಿಲ್ಲ, ಅಲ್ಲಲ್ಲಿ ತೇಲಿತು. ಹೆಚ್ಚು ನೀರು ಹೊಯ್ದೆನೋ ಏನೋ. ಅಂಗಿಯೆಲ್ಲ ಮೊಸರು ಸಿಡಿದಿತ್ತು. ಬಾಗಿಲು ತೆರೆದೆ. ಮೊದಲಿಗಳಾಗಿ ಖಾಲಾ ನಿಂತಿದ್ದಳು. ಗಿಂಡಿ ಚಾಚಿದಳು, ಹಾಕಿದೆ. ಅಲ್ಲೇ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ತೋಬಾ! ಇದೇನ ಮಜ್ಜಿಗಿನ್ರಿ, ಮಜ್ಜಿಗಿ ತೊಳದ ನೀರೋ? ನಿಮ್ಮಾಕಿ ಒಂದಿನಾ ಹಿಂಗ ಕೊಡಲಿಲ್ಲ."

"ಪುಕ್ಕಟೆ ಮಜ್ಜಿಗಿಗೂ ತಕರಾರ ಏನ ಖಾಲಾ?"

"ಪುಕ್ಕಟೆ ಕೊಡಾವ್ರು ಚೊಲೋದ ಕೊಡಬೇಕ್ರಿ. ರೊಕ್ಕಕ್ಕ ಕೊಡಾವ್ರು ಹೆಂಗರ ಕೊಡ್ಲಿ."

ನನ್ನ ಇಡೀ ಜೀವನದ ವ್ಯಾಪಾರದಲ್ಲಿ ಇಂಥ ವಾದ ಕೇಳಿರಲಿಲ್ಲ. ಗಡಿಗೆಯ ತಳ ಕಲಕಿ, ಗಟ್ಟಿಯಾದದ್ದು ಮೇಲೆ ಬರುವಂತೆ ಮಾಡಿದೆ.

ಸೀರೆಯ ವಾಸನೆ ಬಹಳ ದಿನ ಉಳಿಯಲಿಲ್ಲ. ಕೊಬ್ಬರಿ ಎಣ್ಣೆಯದು ಮೊದಲು ಹೋಯಿತು. ಆಮೇಲೆ ಹೊಗೆಯದು. ಮುಂದಿನ ಸುಗ್ಗಿಯ ಹೊತ್ತಿಗೆ ಅದರಲ್ಲಿ ಸಗಣಿಯೂ ನಾನೂ ಮಾತ್ರ ಇದ್ದೆವು. ಎಮ್ಮೆ ತಕರಾರು ಮಾಡಲಿಲ್ಲ, ಅಷ್ಟರಲ್ಲಿ ಅದಕ್ಕೂ ನನ್ನ ಕೈ ರೂಢಿಯಾಗಿತ್ತು. ನಾನೂ ಯಾವ ದಿನ ಯಾವ ವಾಸನೆ ಹೋಯಿತೆಂದು ಗಮನಿಸಲು ಹೋಗಲಿಲ್ಲ. ಸೀರೆಯನ್ನು ಒಗೆಸಲೂ ಇಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಅಂದು ಖಾಲಾ ಗಿಂಡಿಯಲ್ಲಿದ್ದುದನ್ನು ಮೆಟ್ಟಿಲ ಪಕ್ಕದಲ್ಲೇ ತನ್ನ ಎರಡೂ ಕೈಗೆ ಸುರಿದುಕೊಂಡು, ಬೆರಳ ಸಂದಿಯಲ್ಲೆಲ್ಲ ತಿಕ್ಕಿ, ಖಾಲಿ ಗಿಂಡಿಯನ್ನು ಮತ್ತೆ ಮುಂದೆ ಹಿಡಿದಳು. ನಾನು ಮತ್ತೆ ಹಾಕಿದೆ. ಅವಳು ಗಿಂಡಿ ಇಳಿಸಲಿಲ್ಲ, ಹಾಗೇ ಹಿಡಿದಳು. ಇನ್ನೊಂದಿಷ್ಟು ಹಾಕಿದೆ.

"ಸರೀರಿ ಖಾಲಾ, ನಮಗೂ ಇರ್ಲಿ" ಎಂದು ಹಿಂದಿನಿಂದ ಯಾರೋ ಕೂಗಿದರು.